ಕರೆಂಟು ಕಾರಿಗೆ ನೆರಳು

ಎರಡು ಸಾವಿರದ ಐದರ ಏಪ್ರಿಲ್ಲು. ಚಿತ್ರದುರ್ಗದ ಬಸ್ ನಿಲ್ದಾಣದ ಬೆಂಚು ಕಾದ ಹೆಂಚಿನಂತಿತ್ತು. ಹೊಳಲ್ಕೆರೆ ಬಸ್ಸಿಗೆ ಕಾದಿದ್ದ ಹೇಮಾವತಿಗೆ ಪಕ್ಕದಲ್ಲಿದ್ದ ಗಂಡ ಹೆಂಡತಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಹಿರಿಯೂರು ಮೇಷ್ಟ್ರು ಕರೆಂಟು ಕಾರು ತಗಂಡು ಇಲ್ಲಿಗೇ ಬರ್ತಾರೆ. ಅದ್ರಾಗೇ ನಮ್ಮನೆಗೆ ಹೋಗಾಣ, ನೀನೇ ಕುಂತು ನೋಡುವಂತೆ," ಎಂದ ಗಂಡ.

"ಪೆಟ್ರೋಲೇ ಬ್ಯಾಡ್ವಾ ಅದಕ್ಕೆ?"

"ಬ್ಯಾಡ. ಮೊಬೈಲ್ ಇದ್ದಂಗೆ, ಚಾರ್ಜಿಗೆ ಹಾಕಿದ್ರೆ ಸಾಕು."

"ಈ ಬಿಸ್ಲಿಗೆ ಏನೂ ಆಗಲ್ವಾ?"

"ಬ್ಯಾಟರಿಗೆ ಬಿಸ್ಲು ಆಗಿಬರಲ್ಲ. ನೆರಳಾಗೆ ನಿಲ್ಲಿಸ್ಬೇಕು. ಓಡಿಸ್ಕಂಡು ಬಂದ ಕೂಡ್ಲೆ ಚಾರ್ಜಿಗೆ ಹಾಕಬಾರ್ದು, ತಣ್ಣಗಾಗ್ಬೇಕು."

"ಉತ್ತು ಬಂದ ಎತ್ತಿಗೆ ಕೂಡ್ಲೆ ನೀರು ತೋರ್ಸಲ್ವಲ್ಲ, ಹಂಗೆ."

"ಹೂಂ, ಹಂಗೇ ಅನ್ಕ."

"ನಮ್ಮನೇಲಿ ನೆರಳಿರೋದು ಕೊಟ್ಟಿಗೇಲಿ ಮಾತ್ರ. ಕಾರು ಅಲ್ಲಿ ನಿಲ್ಸಿದ್ರೆ ಹಸಾನ ಎಲ್ಲಿ ಕಟ್ತೀರಿ?"

"ಬೆಳಿಗ್ಗೆ ನೀನು ಸಂತೆಗೆ ಹೊರಟ ಮ್ಯಾಲೆ ಗೌರಿನ ಅಂಗಳದಾಗೆ ಕಟ್ಟಿ, ಕೊಟ್ಟಿಗೆ ಗುಡಿಸಿ ಬಂದೀನಿ. ಹಸ ಬಿಸ್ಲು ತಡ್ಕಣುತ್ತೆ ಕಣೇ."

"ಅಯ್ಯೋ, ಗಬ್ಬದ ಹಸ ರೀ ಅದು!"

ಅಷ್ಟರಲ್ಲಿ ಹಿರಿಯೂರಿನ ಬಸ್ಸು ಬಂದು ನಿಂತಿತು. ಕಾರು ಹೇಗಿರಬಹುದೆಂದು ರಸ್ತೆಯತ್ತಲೇ ಕತ್ತು ಚಾಚಿದ್ದ ಹೇಮಾವತಿಯ ಎದುರಿಗೇ, ಬೆವರು ಒರೆಸಿಕೊಳ್ಳುತ್ತ ಹಿರಿಯರೊಬ್ಬರು ಬಸ್ಸಿನಿಂದ ಇಳಿದರು. ಗಂಡ ದಡಬಡಿಸಿ ಎದ್ದ.

"ಏನ್ ಮೇಷ್ಟ್ರೇ, ಬಸ್ಸಿನಾಗೆ ಬಂದ್ರಿ? ಕಾರೆಲ್ಲಿ?"

"ಮನೇಲಿ ನೆರಳಲ್ಲಿ ಐತೆ ಕಣಪ್ಪ. ಈ ಬಿಸ್ಲಲ್ಲಿ ಅದನ್ನ ಹೊರಗೆ ತೆಗೆಯೋಕಾಗುತ್ತಾ?"

ಹೆಂಡತಿ ಆಗಲೇ ಚೀಲ ಎತ್ತಿಕೊಂಡು ಹೊರಟಿದ್ದಳು.

"ನಡೀರಿ, ಮೊದ್ಲು ಹೋಗಿ ಗೌರಿನ ಒಳಗೆ ಕಟ್ಟಾಣ. ಬರ್ರಿ ಮೇಷ್ಟ್ರೇ, ಮಜ್ಜಿಗೆ ಕುಡಿಯೋರಂತೆ."