ಹಾಡಿದವರು ಯಾರು, ಹಾಡು ಯಾರದು

ಹಳೆ ಸಾಮಾನು ಕೊಳ್ಳುವ ಅಂಗಡಿಯಲ್ಲಿ ನನ್ನ ಮುಂದಿದ್ದ ಹೆಂಗಸು ಮ್ಯೂಸಿಕ್ ಪ್ಲೇಯರೊಂದನ್ನು ಮೇಜಿನ ಮೇಲಿಟ್ಟರು. ಅಂಗಡಿಯವನು ಗುಂಡಿ ಒತ್ತಿ ನೋಡಿದ.

“ಹಾಡು ತುಂಬಿದೆಯಲ್ಲಮ್ಮಾ. ಹೀಗೇ ಮಾರೋದು ಕಾನೂನಿಗೆ ವಿರುದ್ಧ. ಅಳಿಸಿ ತಗೋತೀನಿ.”

“ಎಲ್ಲಾ ನಾನೇ ಹಾಡಿದ್ದು ಕಣಪ್ಪಾ.”

“ಹಾಡಿದ್ದು ನೀವು, ಹಕ್ಕು ಕಂಪನೀದು. ಬರೆದು ಕೊಟ್ಟಿರ್ತೀರಿ.”

“ಕೊಟ್ಟೆ. ಆಗ ಗಂಟಲಿತ್ತು, ಬುದ್ಧಿ ಇರಲಿಲ್ಲ. ಆ ಕಂಪನೀನೂ ಮುಚ್ಚಿಹೋಯ್ತು.”

“ಕಂಪನಿ ಸತ್ರೂ ಹಕ್ಕು ಸಾಯಲ್ಲಮ್ಮಾ. ಬೇರೆ ಪ್ರತಿ ಇಟ್ಕೊಂಡಿದ್ದೀರಿ ತಾನೇ?”

“ಎಲ್ಲೂ ಇಲ್ಲ, ಇದೊಂದೇ. ಮನೇಲಿ ಯಾರೂ ಕೇಳಲ್ಲ. ಕೊಂಡವರಾದ್ರೂ ಕೇಳ್ಲಿ ಅಂತ ತಂದೆ.”

“ಕೇಳೋಕೆ ಹಾಡೇ ಇರಲ್ವಲ್ಲಮ್ಮಾ. ಅಳಿಸ್ಲಾ?”

“ತಡಿಯಪ್ಪಾ, ಕೊಡು ಇಲ್ಲಿ. ಬೇರೆಯವರ ಸೊತ್ತು ಅಂದ್ಮೇಲೆ ಜೋಪಾನವಾಗಿ ಇಟ್ಕೋಬೇಕು.”

ಪ್ಲೇಯರನ್ನು ಚೀಲಕ್ಕೆ ಹಾಕಿಕೊಂಡು ಆಕೆ ಮೆಟ್ಟಿಲಿಳಿದರು. ನಾನು ನನ್ನ ಇಸ್ತ್ರಿಪೆಟ್ಟಿಗೆಯನ್ನು ಮುಂದೆ ತಳ್ಳಿದೆ.