ಎಂಬತ್ತಮೂರರ ಗೆರೆ

ನಗೋರು ಈಗಲೇ ಎದ್ದು ಹೋಗಿ. ಇದು ನಮ್ಮ ಭಾವನಿಗೆ ಆದದ್ದು. ನೆನೆಸಿಕೊಂಡರೆ ನನಗೆ ಹೆದರಿಕೆಗಿಂತ ಸಿಟ್ಟೇ ಜಾಸ್ತಿ.

ಭಾವ ಮಣ್ಣು ಸಂರಕ್ಷಣೆ ಆಫೀಸಿನಲ್ಲಿ ಗುಮಾಸ್ತರು. ಗುಡ್ಡದ ಬುಡದಲ್ಲಿ ಆಫೀಸಿನದೊಂದು ಫ್ಲೂಮ್ ಇದೆ. ನಡು ಕಿರಿದಾದ ಸಿಮೆಂಟಿನ ಕಾಲುವೆ, ಅಷ್ಟೇ. ಗುಡ್ಡದ ಮೇಲೆ ಬಿದ್ದ ಮಳೆಯೆಲ್ಲ ಅದರಲ್ಲೇ ಹರಿಯಬೇಕು. ಪಕ್ಕದಲ್ಲೊಂದು ಪುಟ್ಟ ಬಾವಿ. ಕಾಲುವೆಯಲ್ಲಿ ನೀರು ಏರಿದರೆ ಬಾವಿಯಲ್ಲೂ ಏರುತ್ತದೆ, ಅದರಲ್ಲಿ ತೇಲುವ ಡಬ್ಬಿ ಮೇಲೇಳುತ್ತದೆ, ಡಬ್ಬಿಗೆ ಕಟ್ಟಿದ ಪೆನ್ನು, ಮೇಲಿನ ಪೆಟ್ಟಿಗೆಯಲ್ಲಿ ಗಡಿಯಾರ ತಿರುಗಿಸುವ ಕಾಗದದ ಮೇಲೆ ಗೆರೆ ಎಳೆಯುತ್ತದೆ.

ಇದನ್ನೆಲ್ಲ ನೋಡಿಕೊಳ್ಳುತ್ತಿದ್ದದ್ದು ಅಳತೆ ಅಜ್ಜ. ಕಾಲುವೆಯ ಗೋಡೆ ಬಿರುಕು ಬಿಟ್ಟಿದೆ ಅಂತ ಮೂರು ಸಲ ಬರೆದುಕೊಟ್ಟಿದ್ದ. ಆಫೀಸಿನ ಸಾಹೇಬ ಓದಲೂ ಇಲ್ಲ.

ಒಂದು ರಾತ್ರಿ ಗುಡ್ಡಕ್ಕೆ ಮಾತ್ರ ಮಳೆ ಹೊಡೆಯಿತು, ಊರಿಗೆ ಹನಿಯಿಲ್ಲ. ಎರಡು ಗಂಟೆಗೆ ಅಜ್ಜ ಅಳತೆ ಓದಲು ಹೋದ. ಕಾಲಡಿಯ ಗೋಡೆ ಕುಸಿಯಿತು, ಬಿದ್ದು ಸತ್ತ. ಮೂರು ಅರ್ಜಿಗೆ ಬಾರದ ಸಿಮೆಂಟು ಅವತ್ತು ಬೆಳಗಾಗುವುದರೊಳಗೆ ಬಂತು ನೋಡಿ. ಗೋಡೆ ಮೆತ್ತಿಸಿ, 'ನೀರೇ ಬಂದಿರಲಿಲ್ಲ, ಮುದುಕ ಕುಡಿದು ಬಿದ್ದ' ಅಂತ ಸಾಹೇಬ ಬರೆದ. ಆ ರಾತ್ರಿಯ ಕಾಗದ ಸುಟ್ಟು, ಹೊಸ ಕಾಗದ, ಸ್ಕೇಲು ತಂದು ಭಾವನ ಮುಂದಿಟ್ಟ. ಸೊನ್ನೆಯ ಗೆರೆ ಎಳಿ ಅಂದ. ಈ ಪುಣ್ಯಾತ್ಮರು ಎಳೆದರು. ಹೆಂಡ ಮುಟ್ಟದ ಅಜ್ಜನ ಮಗಳು ಬೀದಿಯಲ್ಲಿ ಕುಡುಕನ ಮಗಳಾದಳು.

ಅಜ್ಜನ ಸಾವಿನ ವಿಚಾರಣೆಯ ಹಿಂದಿನ ರಾತ್ರಿ. ಭಾವ ತಡವಾಗಿ ಆ ಬಾವಿ ದಾಟಿ ಮನೆಗೆ ಬರುತ್ತಿದ್ದರು. ಮಳೆ ನಿಂತು ತಿಂಗಳಾಗಿತ್ತು. ಪೆನ್ನಿನ ಪೆಟ್ಟಿಗೆಯೊಳಗೆ... ಟಿಕ್... ಟಿಕ್... ಗಡಿಯಾರ. ಅಜ್ಜ ಹೋದಮೇಲೆ ಅದಕ್ಕೆ ಯಾರೂ ಕೀಲಿ ಕೊಟ್ಟಿರಲಿಲ್ಲ. ಆಮೇಲೆ ಕಾಗದದ ಮೇಲೆ ಪೆನ್ನು... ಸರ್... ಸರ್...

ಬೆನ್ನ ಹಿಂದೆ ಪಿಸುಮಾತು. "ಎಷ್ಟಿದೆ ನೋಡಪ್ಪಾ."

"ಸೊನ್ನೆ ಅಜ್ಜಾ."

ಅಲ್ಲೂ ಸುಳ್ಳು. ನನಗೆ ಮೈ ಉರಿಯೋದು ಇದಕ್ಕೇ.

"ಕಣ್ಣು ಬಿಟ್ಟು ನೋಡು."

ಭಾವ ಟಾರ್ಚ್ ಹಾಕಿದರು. ಕಾಲುವೆಯಲ್ಲಿ ಬರೀ ಧೂಳು. ಗೋಡೆಗೆ ಹೊಡೆದ ಅಳತೆಪಟ್ಟಿ ಮಾತ್ರ ಒಂದು ಗುರುತಿನವರೆಗೆ ಒದ್ದೆಯಾಗಿತ್ತು, ನೀರು ತೊಟ್ಟಿಕ್ಕುತ್ತಿತ್ತು... ತಟ್... ತಟ್...

"ಎಂಬತ್ತಮೂರು," ಅಂದರು.

"ಹಾಂ. ನಾಳೆ ಮರೀಬೇಡ."

ಮರುದಿನ ನಾನೂ ಹೋಗಿದ್ದೆ, ಬಾಗಿಲ ಹತ್ತಿರ ನಿಂತಿದ್ದೆ. "ನೀರು ಬಂದಿರಲಿಲ್ಲ, ಕಾಗದಾನೇ ಹೇಳುತ್ತೆ," ಅಂದ ಸಾಹೇಬ. ಭಾವ ಎದ್ದರು.

"ಆ ಗೆರೆ ನಾನು ಎಳೆದಿದ್ದು ಸಾರ್. ಎಂಬತ್ತಮೂರು ಸೆಂಟಿಮೀಟರ್ ನೀರು ಬಂದಿತ್ತು. ಅಜ್ಜ ಕುಡಿದಿರಲಿಲ್ಲ."

ಸಾಹೇಬ ನಕ್ಕು ಫೈಲು ಬಿಚ್ಚಿದ. ನಗು ಅಲ್ಲೇ ನಿಂತಿತು. ಭಾವ ಸ್ಕೇಲಿಟ್ಟು ಎಳೆದ ಗೆರೆ ರಾತ್ರಿ ಎರಡು ಗಂಟೆಯವರೆಗೆ ಹಾಗೇ ಇತ್ತು. ಅಲ್ಲಿಂದ ಸರ್ರನೆ ಮೇಲೇರಿ, ಎಂಬತ್ತಮೂರಕ್ಕೆ ಹೋಗಿ ನಿಂತಿತ್ತು.

ನಂಬದಿದ್ದರೆ ಬಿಡಿ. ನಾನು ಕಣ್ಣಾರೆ ಕಂಡದ್ದು. ವಿಚಾರಣೆಗೆ ಬಂದಿದ್ದ ಅಧಿಕಾರಿ ಆ ಗೆರೆಯ ಮೇಲೆ ಬೆರಳಿಟ್ಟರು. ಬೆರಳಿಗೆ ಮಸಿ ಹತ್ತಿತು.