ಫಿಟ್ಸ್ ಎಷ್ಟೊತ್ತು ಬಂದಿತ್ತು?

ದೀಪ ಸಣ್ಣದ ಮಾಡ್ರಿ. ಇದು ಕಟ್ಟಿದ ಕತಿ ಅಲ್ಲ, ನಮ್ಮ ಕಾಕಾನ ಮಗ ಮಲ್ಲೇಶಗ ಆಗಿದ್ದು. ನಂಬೂದು ಬಿಡೂದು ನಿಮಗ ಸೇರಿದ್ದು, ಆದ್ರ ನಡುವ ನಗಬ್ಯಾಡ್ರಿ. ನಕ್ಕರ ನಾ ಎದ್ದು ಹೋಗಾಂವ.

ಅವತ್ತ ಮಲ್ಲೇಶ ಮಿರಜದಿಂದ ಕಡೀ ಬಸ್ಸಿಗೆ ಬಂದು ತನ್ನೂರು ಉಗಾರ ಬುದ್ರುಕದಾಗ ಇಳದ. ಹೆಂಡತಿ ಪ್ರಾಜಕ್ತಾ ಮಿರಜ ದವಾಖಾನಿ ಐಸಿಯುದಾಗ ಎಚ್ಚರಿಲ್ಲದ ಬಿದ್ದಿದ್ಲು. ತಮ್ಮ ಸಂಗ್ರಾಮನ್ನ ಅಲ್ಲಿ ಕುಂದ್ರಿಸಿ, ಇಂವ ಅರಿಬಿ ತರಾಕ ಬಂದಿದ್ದ. ಕಬ್ಬಿನ ನಡುವ ಹಾದಿ. ಎರಡೂ ಕಡೆ ಸರ್... ಸರ್... ಅಂತ ಕಬ್ಬಿನ ಒಣ ಎಲಿ, ರವದಿ ಸಪ್ಪಳ.

ಹಿಂದಿನ ದಿನ ಸಂಜಿಮುಂದ ಆಕಿಗೆ ಫಿಟ್ಸ್ ಬಂದಿತ್ತು. ಮಲ್ಲೇಶನ ಅವ್ವ, ನಮ್ಮ ಚನ್ನವ್ವ ಕಾಕಿ, ಸೊಸಿ ಕೈಯಾಗ ಕಬ್ಬಿಣದ ಕೀಲಿಕೈ ಇಟ್ಟು ಮುಷ್ಟಿ ಒತ್ತಿ ಹಿಡದ್ಲು. ಆ ಮುಷ್ಟಿ ತಾನಾಗೇ ಬಿಡೂಮಟ ಹೊಸ್ತಿಲಾ ದಾಟಿಸಬಾರದು ಅನ್ನೂದು ಅವರ ಮನಿ ಪದ್ಧತಿ. ಎಲ್ಲಾರೂ ಮುಷ್ಟಿ ನೋಡಕೋತ ಕುಂತ್ರು. ಹಲ್ಲು ಕಟಕಟ... ಹಿಮ್ಮಡ ನೆಲಕ್ಕ ದಪ್, ದಪ್... ದೀಪ ಹಚ್ಚಿದಾಗ ಸುರುವಾದದ್ದು, ಓಣ್ಯಾಗ ಮಂದಿ ಉಂಡು ಕೈ ತೊಳಕೊಂಡ್ರೂ ನಿಂದ್ರಲಿಲ್ಲ. ಆವಾಗ ಗಾಡಿ ತರಿಸಿದ್ರು. ಹಾದ್ಯಾಗ ಮೈ ಸುಮ್ಮನಾತು.

ಡಾಕ್ಟರ ಕೇಳಿದ್ರು, "ಫಿಟ್ಸ್ ಎಷ್ಟೊತ್ತು ಬಂದಿತ್ತು?"

ಬೈತಾರ ಅನ್ನೂ ಅಂಜಿಕಿಗೆ ಮಲ್ಲೇಶ ಹೇಳಿದ, "ಐದ ಮಿನಿಟ್ರಿ."

"ಹಂಗಿದ್ರ ಔಷಧದ ಅಮಲು ಇಳದ ಮ್ಯಾಲ ಎಚ್ಚರಾಗಬೇಕು. ಕಾಯೂಣು."

ಬೆಳಗಾತು. ಮಧ್ಯಾಹ್ನಾತು. ಎಚ್ಚರಿಲ್ಲ. "ಉಳೀತಾಳೇನ್ರಿ?" ಅಂತ ಡಾಕ್ಟರ ಬೆನ್ನ ಹತ್ತಿ ಕೇಳಿದ್ದ ಕೇಳಿದ್ದು. ಖರೇ ಹೇಳಾಕ ಮಾತ್ರ ಬಾಯಿ ಬರಲಿಲ್ಲ. ನಮ್ಮಾಂವ ಆದ್ರೂ ಹೇಳತೀನಿ, ಹೇಡಿ ಅಂವ.

ಹಂಗ ನಡಕೋತ ಬಾವಿ ಹತ್ರ ಬಂದ. ಅಲ್ಲಿ ಮೋಟಾರ ಕುಂದ್ರಿಸಿ ಎಷ್ಟೋ ವರ್ಷಾತು, ನೀರು ಸೇದೂ ಗಡಗಡಿ ಕಿತ್ತ ಒಗದಾರ. ಆದ್ರ... ಕಿರ್ರ್... ಕಿರ್ರ್... ಗಡಗಡಿ ತಿರಗೂ ಸಪ್ಪಳ. ಆಮ್ಯಾಲ ನೀರಿಗೆ ಕೊಡ ಬಿದ್ದಂಗ, ಬುಳಕ್.

"ಕಿತಿ ವೇಳ?"

ಹೆಣ್ಣದನಿ. ಎಷ್ಟೊತ್ತು ಅಂತ ಮರಾಠಿಯೊಳಗ ಕೇಳತು, ಭಾಳ ಸಣ್ಣಕ. ಪ್ರಾಜಕ್ತಾನ ತವರಮನಿ ಮಾತ ಮರಾಠಿ. ಮಲ್ಲೇಶ ಬಾವಿ ಕಡೆ ತಿರಗಿ ಅಂದ,

"ಐ... ಐದ ಮಿನಿಟ."

ಗಡಗಡಿ ನಿಂತತು. ರವದಿ ಸಪ್ಪಳನೂ ನಿಂತತು.

"ಕಿತಿ ವೇಳ?" ಈಗ ಕಿವಿ ಹತ್ರ.

ಅಂವ ಅಲ್ಲೇ ಕುಸದ ಕುಂತ. ಅಳಕೋತ ಅಂದ, "ದೀಪ ಹಚ್ಚಿದಾಗಿಂದ... ಉಂಡು ಕೈ ತೊಳ್ಯೂಮಟ. ಸುಳ್ಳ ಹೇಳೀನಿ ಪ್ರಾಜಕ್ತಾ. ನಿನಗ ಏನರ ಆದ್ರ ನಾ ಹೆಂಗ ಬದುಕಲಿ?"

ಕತ್ತಲಾಗ ಯಾರೋ ಕೊಡದ ನೀರು ಸುರುವಿದಂಗಾತು... ಅಷ್ಟ.

ಸಂಗ್ರಾಮಗ ಫೋನ್ ಹಚ್ಚಿದ. "ತಮ್ಮಾ, ಡಾಕ್ಟರಗ ಖರೇ ಹೇಳೋ. ಭಾಳೊತ್ತು ಬಂದಿತ್ತು ಅಂತ ಹೇಳು."

"ಅವರಿಗೆ ಗೊತ್ತಾಗೇತಿ ಅಣ್ಣಾ. ತಲಿಗೆ ವೈರ್ ಹಚ್ಚಿ ನೋಡಾಕತ್ತಾರ. ಮೈ ಸುಮ್ಮನಾದ್ರೂ ತಲ್ಯಾಗ ಫಿಟ್ಸ್ ಇನ್ನೂ ನಡದೈತಂತ. ಬ್ಯಾರೆ ಔಷಧ ಸುರು ಮಾಡ್ಯಾರ. ಉಳೀತಾರ ಅಂತ ಈಗ ಹೇಳಾಕ ಆಗೂದಿಲ್ಲ ಅಂದ್ರು."

"ಭಾಳೊತ್ತು ಬಂದಿತ್ತು ಅಂತ ನೀ ಹೇಳಿದ್ಯೇನು?"

ಸಂಗ್ರಾಮ ಅಂದ, "ನಾ ಅಲ್ಲ. ಪ್ರಾಜಕ್ತಾ ವೈನೀನ ಹೇಳ್ಯಾಳಂತ... ಈಗಷ್ಟ, ಸಿಸ್ಟರ ಮುಂದ."

ಪ್ರಾಜಕ್ತಾ ಮುಂದಿನ ವಾರ ಕಣ್ಣ ಬಿಟ್ಲು. ಮಂದಿ ಗುರ್ತ ಹಿಡೀತಾಳ, ಮಾತ ತಡವರಸತಾವ. ಆ ರಾತ್ರಿದು ಒಂದೂ ನೆನಪಿಲ್ಲ.

ನಾ ಸುಮ್ಮನ ಬಿಡಲಿಲ್ಲ, ಆ ಸಿಸ್ಟರನ್ನ ಹುಡುಕಿ ಹೋಗಿ ಕೇಳೀನಿ. "ಹೌದ್ರಿ," ಅಂದ್ಲು. "ದೀಪ ಹಚ್ಚಿದಾಗಿಂದ ಉಂಡು ಕೈ ತೊಳ್ಯೂಮಟ ಬಂದಿತ್ತು ಅಂತ ಪ್ರಾಜಕ್ತಾ ಅವರು ಮರಾಠಿಯೊಳಗ ಸ್ವಚ್ಛ ಹೇಳಿದ್ರು, ನನ್ನ ಕಿವೀಲೆ ಕೇಳೀನಿ." ಆಮ್ಯಾಲ ಬಾಗಲಾ ನೋಡಿ ದನಿ ಸಣ್ಣ ಮಾಡಿದ್ಲು.

"ಅವರ ಗಂಟಲಾಗ ಉಸಿರಿನ ನಳಿಗಿ ಇತ್ರಿ. ಅದಿದ್ದವರಿಗೆ ದನೀನ ಹೊರಡೂದಿಲ್ಲ."

ಸುಳ್ಳಲ್ರಿ. ಆ ಸಿಸ್ಟರ ಇನ್ನೂ ಅಲ್ಲೇ ಡ್ಯೂಟಿ ಮಾಡತಾಳ, ಹೋಗಿ ಕೇಳ್ರಿ.